ಸ್ಯಾಕ್ರಮೆಂಟೊ ಕೊಟ್ಟದ್ದು, ಪಡೆದದ್ದು

2019ರ ಅಕ್ಟೋಬರ್ 4 ಮತ್ತು 5ರಂದು ವರ್ಲಿಯ ಎನ್‌ಎಸ್‌ಸಿಐ ಡೋಮ್‌ನಲ್ಲಿ ಅಮೆರಿಕದ ಎನ್‌ಬಿಎ ತಂಡಗಳು ಭಾರತದಲ್ಲಿ ಮೊದಲ ಸಲ ಬಾಸ್ಕೆಟ್‌ಬಾಲ್ ಆಡಿದ್ದು ನಮ್ಮ ಮುಂಬಯಿ ಓದುಗರಿಗೆ ನೆನಪಿರಬಹುದು. ಒಂದು ಕಡೆ ಸ್ಯಾಕ್ರಮೆಂಟೊ ಕಿಂಗ್ಸ್, ಇನ್ನೊಂದು ಕಡೆ ಇಂಡಿಯಾನಾ ಪೇಸರ್ಸ್. ಮೊದಲ ದಿನ ಶಾಲಾ ಮಕ್ಕಳ ಕಲರವದ ನಡುವೆ ಪೇಸರ್ಸ್ 132–131ರಿಂದ ಗೆದ್ದಿತು. ಎರಡನೆಯ ದಿನ ನಾನೂ ಹೋಗಿದ್ದೆ, ಅಂದು ಕಿಂಗ್ಸ್ 106–130ರಿಂದ ಸೋತಿತು. ಕಿಂಗ್ಸ್ ಒಡೆಯ ವಿವೇಕ್ ರಣದಿವೆ ಮುಂಬಯಿಯಲ್ಲೇ ಹುಟ್ಟಿದವರು. ಆ ಒಂದೇ ಕಾರಣಕ್ಕೆ ಅಂದಿನಿಂದ ಅವರ ತಂಡದ ಮೇಲೆ ನನಗೊಂದು ಕಣ್ಣು.

ಅದೇ ಎರಡು ತಂಡಗಳ ನಡುವೆ 2022ರ ಫೆಬ್ರವರಿ 8ರಂದು ಒಂದು ದೊಡ್ಡ ವಿನಿಮಯ ನಡೆಯಿತು. ಕಿಂಗ್ಸ್ ತನ್ನ 21 ವರ್ಷದ ಆಟಗಾರ ಟೈರೀಸ್ ಹ್ಯಾಲಿಬರ್ಟನ್‌ನನ್ನು, ಜೊತೆಗೆ ಬಡ್ಡಿ ಹೀಲ್ಡ್ ಮತ್ತು ಟ್ರಿಸ್ಟನ್ ಥಾಮ್ಸನ್‌ರನ್ನು ಕೊಟ್ಟಿತು. ಪಡೆದದ್ದು ಮುಖ್ಯವಾಗಿ ಲಿಥುವೇನಿಯಾದ ಡೊಮಾಂಟಸ್ ಸಬೋನಿಸ್‌ನನ್ನು. ಮುಂಬಯಿಗೆ ಬಂದಾಗ ಈತ ಪೇಸರ್ಸ್ ಪಾಳಯದಲ್ಲಿದ್ದ.

ಆಗಿನ ಕಿಂಗ್ಸ್ ಸ್ಥಿತಿ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಎನ್‌ಬಿಎಯ 30 ತಂಡಗಳಲ್ಲಿ 16ಕ್ಕೆ ಪ್ಲೇಆಫ್‌ನಲ್ಲಿ ಜಾಗವಿದೆ. ಅಂದರೆ ಅರ್ಧಕ್ಕಿಂತ ಹೆಚ್ಚು ತಂಡಗಳು ಪಾಸಾಗುವ ಪರೀಕ್ಷೆ. ಅದರಲ್ಲಿ 2006ರ ನಂತರ ಕಿಂಗ್ಸ್ ಒಮ್ಮೆಯೂ ಪಾಸಾಗಿರಲಿಲ್ಲ. ಆರ್‌ಸಿಬಿ ಕಪ್ಪಿಗಾಗಿ 18 ವರ್ಷ ಕಾದವರು ನಾವು; ಆದರೆ ನಮಗೆ ನಡುನಡುವೆ ಮೂರು ಫೈನಲ್ ನೋಡುವ ಭಾಗ್ಯವಾದರೂ ಇತ್ತು. ಸೋತ ತಂಡಗಳಿಗೆ ಮರುವರ್ಷ ಹೊಸ ಹುಡುಗರನ್ನು ಮೊದಲು ಆರಿಸಿಕೊಳ್ಳುವ ಅವಕಾಶ ಹೆಚ್ಚು. ಆ ದಾರಿಯಲ್ಲೂ ಕಿಂಗ್ಸ್ ಎಡವಿತು. 2018ರಲ್ಲಿ ಎರಡನೆಯ ಸರದಿ ಸಿಕ್ಕಿದಾಗ ಮಾರ್ವಿನ್ ಬ್ಯಾಗ್ಲಿಯನ್ನು ಆರಿಸಿತು. ಮೂರನೆಯವನಾಗಿ ಹೋದ ಲೂಕಾ ಡಾನ್ಚಿಚ್ ಎಂಬ ಹುಡುಗ ಏನಾದ ಎಂದು ಬಾಸ್ಕೆಟ್‌ಬಾಲ್ ನೋಡುವ ನಿಮ್ಮ ಮಕ್ಕಳನ್ನು ಕೇಳಿ.

ಹ್ಯಾಲಿಬರ್ಟನ್ 2020ರಲ್ಲಿ 12ನೆಯ ಸರದಿಯಲ್ಲಿ ಸಿಕ್ಕವನು. ಅಷ್ಟು ಕೆಳಗೆ ಅಂಥವನು ಸಿಗುವುದೇ ಪುಣ್ಯ. ಆಟವನ್ನು ಓದುವ ಬುದ್ಧಿ, ಚೆಂಡನ್ನು ಹಂಚುವ ಗುಣ, ಹೊಸಬನಾದ್ದರಿಂದ ಸಂಬಳವೂ ಕಡಿಮೆ. ಒಂದೇ ತೊಡಕು: ಅದೇ ಕೆಲಸ ಮಾಡುವ ಡಿಆ್ಯರನ್ ಫಾಕ್ಸ್ ಆಗಲೇ ತಂಡದಲ್ಲಿದ್ದ, ದೊಡ್ಡ ಮೊತ್ತದ ಕರಾರಿನ ಮೇಲೆ. ಚೆಂಡು ಒಂದೇ, ಅದನ್ನು ಕೈಯಲ್ಲಿಟ್ಟುಕೊಂಡು ಆಟ ನಡೆಸುವವರು ಇಬ್ಬರು. ಬುಟ್ಟಿಯ ಕೆಳಗೆ ಗಟ್ಟಿಯಾಗಿ ನಿಲ್ಲುವ ಎತ್ತರದ ಆಳು ಮಾತ್ರ ಇಲ್ಲ. ಸಬೋನಿಸ್ ಆಗಲೇ ಎರಡು ಸಲ ಆಲ್‌ಸ್ಟಾರ್ ಆಗಿದ್ದವನು, ವಯಸ್ಸು 25. ಕಾಗದದ ಮೇಲೆ ಲೆಕ್ಕ ಸರಿಯಾಗಿಯೇ ಕೂಡುತ್ತದೆ.

ಮೊದಲು ಲೆಕ್ಕ ನಿಜವೂ ಆಯಿತು. 2022–23ರಲ್ಲಿ ಹೊಸ ಕೋಚ್ ಮೈಕ್ ಬ್ರೌನ್ ಕೈಕೆಳಗೆ ಕಿಂಗ್ಸ್ 48 ಪಂದ್ಯ ಗೆದ್ದಿತು, ಪಶ್ಚಿಮ ವಿಭಾಗದಲ್ಲಿ ಮೂರನೆಯ ಸ್ಥಾನ. 16 ವರ್ಷಗಳ ಬರ ನೀಗಿತು. ಗೆದ್ದ ರಾತ್ರಿಗಳಲ್ಲಿ ಕ್ರೀಡಾಂಗಣದ ಮೇಲಿಂದ ನೇರಳೆ ಬಣ್ಣದ ಬೆಳಕಿನ ಕಂಬವೊಂದು ಆಕಾಶಕ್ಕೆ ಏಳುತ್ತಿತ್ತು; ಊರಿಗೆ ಊರೇ ಅದನ್ನು ನೋಡಿ ಕುಣಿಯಿತು. ಸಬೋನಿಸ್ ಆ ವರ್ಷ ರಿಬೌಂಡ್‌ನಲ್ಲಿ ಇಡೀ ಲೀಗ್‌ಗೆ ಮೊದಲಿಗ. ಮೊದಲ ಸುತ್ತಿನಲ್ಲೇ ಗೋಲ್ಡನ್ ಸ್ಟೇಟ್ ವಾರಿಯರ್ಸ್ ಎದುರು ಏಳನೆಯ ಪಂದ್ಯದವರೆಗೆ ಎಳೆದು, ಸ್ಟೆಫ್ ಕರಿಯ 50 ಅಂಕಗಳಿಗೆ ಸೋತರು. ಆದರೂ ಆ ವರ್ಷ ಯಾರೂ ಈ ವಿನಿಮಯವನ್ನು ಬೈಯುವಂತಿರಲಿಲ್ಲ.

ಆಮೇಲೆ ತಕ್ಕಡಿ ವಾಲಿತು. ಹ್ಯಾಲಿಬರ್ಟನ್‌ನ ಪೇಸರ್ಸ್ 2024ರಲ್ಲಿ ಪೂರ್ವ ವಿಭಾಗದ ಫೈನಲ್‌ಗೆ, 2025ರಲ್ಲಿ ಎನ್‌ಬಿಎ ಫೈನಲ್‌ಗೇ ಹೋಯಿತು. ಅವರಿಗದು 2000ದ ನಂತರ ಮೊದಲನೆಯದು. ಓಕ್ಲಹೋಮಾ ಸಿಟಿ ವಿರುದ್ಧ ಮೊದಲ ಪಂದ್ಯದಲ್ಲಿ 0.3 ಸೆಕೆಂಡ್ ಉಳಿದಿರುವಾಗ ಆತ ಹಾಕಿದ ಬುಟ್ಟಿಯನ್ನು ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಏಳನೆಯ ಪಂದ್ಯದಲ್ಲಿ ಹಿಮ್ಮಡಿಯ ನರ ಹರಿದು ಅಂಗಳದಲ್ಲೇ ಬಿದ್ದ, ತಂಡ ಸೋತಿತು. ಇತ್ತ ಕಿಂಗ್ಸ್ 2024, 2025 ಎರಡೂ ವರ್ಷ ಪ್ಲೇಆಫ್ ಬಾಗಿಲಲ್ಲೇ ನಿಂತಿತು. ಬ್ರೌನ್‌ನನ್ನು 2024ರ ಡಿಸೆಂಬರ್‌ನಲ್ಲಿ ಮನೆಗೆ ಕಳಿಸಿದರು. 2025ರ ಫೆಬ್ರವರಿಯಲ್ಲಿ ಫಾಕ್ಸ್ ಸ್ಯಾನ್ ಆಂಟೋನಿಯೊ ಸೇರಿದ. ಯಾರಿಗೆ ಜಾಗ ಮಾಡಿಕೊಡಲು ಹ್ಯಾಲಿಬರ್ಟನ್‌ನನ್ನು ಕಳಿಸಿದರೋ ಅವನೇ ಮೂರು ವರ್ಷಕ್ಕೆ ಇಲ್ಲವಾದ.

ನನ್ನ ಅಭಿಪ್ರಾಯ ಕೇಳಿದರೆ, ಸಬೋನಿಸ್ ಬೇಕೇ ಬೇಕಿದ್ದರೆ ಫಾಕ್ಸ್‌ನನ್ನು ಮುಂದಿಟ್ಟು ಚೌಕಾಸಿ ಮಾಡಬೇಕಿತ್ತು. ಇಬ್ಬರಲ್ಲಿ ಕಿರಿಯ, ಅಗ್ಗದವ, ಇನ್ನೂ ಬೆಳೆಯುತ್ತಿದ್ದವ ಹ್ಯಾಲಿಬರ್ಟನ್. ಅದಕ್ಕಿಂತ ಮುಖ್ಯವಾಗಿ, ದೊಡ್ಡ ತಾರೆಗಳು ತಾವಾಗಿ ಬರಲೊಲ್ಲದ ಆ ಊರಿನಲ್ಲಿ ಇರಲು ಮನಸ್ಸಿದ್ದವ. ಕಳಿಸಿದ್ದು ನೋವಾಯಿತೆಂದು ಆತ ಬಹಿರಂಗವಾಗಿಯೇ ಹೇಳಿಕೊಂಡ. ಬ್ಯಾಂಕಿನ ಟ್ರಾನ್ಸ್‌ಫರ್ ಆರ್ಡರ್ ಹಿಡಿದು ಊರೂರು ತಿರುಗಿದ ನಮ್ಮಂಥವರಿಗೆ ಅದು ಬಿಡಿಸಿ ಹೇಳಬೇಕಾದ್ದಲ್ಲ.

ಆದರೆ 2023ರ ಏಪ್ರಿಲ್‌ನ ಸ್ಯಾಕ್ರಮೆಂಟೊ ಮುಖಗಳನ್ನು ಟಿವಿಯಲ್ಲಿ ಕಂಡಿದ್ದೇನೆ. ತಂಡ ಕೊನೆಯದಾಗಿ ಪ್ಲೇಆಫ್ ಆಡಿದಾಗ ಮಗುವಾಗಿದ್ದವರು ಈಗ ಮೀಸೆ ಹೊತ್ತು ಅಪ್ಪನ ಪಕ್ಕದಲ್ಲಿ ನಿಂತು ಅಳುತ್ತಿದ್ದರು. ಆ ಅಪ್ಪನ ಬಳಿ ಹೋಗಿ, ಇನ್ನೆರಡು ವರ್ಷ ತಡೆದಿದ್ದರೆ ಇದಕ್ಕಿಂತ ಒಳ್ಳೆಯ ತಂಡ ಸಿಗುತ್ತಿತ್ತು ಎಂದು ಹೇಳುವ ಧೈರ್ಯ ನನಗಿಲ್ಲ.