ಮೂರು ಕೋಷ್ಟಕ, ಎರಡೇ ಕಡತ!

ಗ್ರಂಥಾಲಯವೊಂದರ ಲೆಕ್ಕವನ್ನು ಕಂಪ್ಯೂಟರಿಗೆ ಒಪ್ಪಿಸಬೇಕು ಎಂದುಕೊಳ್ಳಿ. ಪುಸ್ತಕಗಳಿಗೆ ಒಂದು ಕೋಷ್ಟಕ, ಸದಸ್ಯರಿಗೆ ಒಂದು, ಎರವಲಿಗೆ ಮತ್ತೊಂದು. ಸದಸ್ಯರ ವಿಳಾಸ ಬದಲಾದರೆ ಒಂದೇ ಕಡೆ ತಿದ್ದಿದರೆ ಸಾಕು. ಹೀಗೆ ಮಾಹಿತಿಯನ್ನು ಕೋಷ್ಟಕಗಳಲ್ಲಿಟ್ಟು ಬೇಕಾದಾಗ ಜೋಡಿಸುವ ‘ರಿಲೇಷನಲ್’ ವಿಧಾನವನ್ನು ಐಬಿಎಂನ ಇ. ಎಫ್. ಕಾಡ್ 1970ರಲ್ಲಿ ಮಂಡಿಸಿದರು.

ಅದು ದೊಡ್ಡ ಯಂತ್ರಗಳ ಕಾಲ. 1980ರ ಸುಮಾರಿಗೆ ಅಮೆರಿಕದ ಅಂಗಡಿ, ಕಚೇರಿಗಳಿಗೆ ಬಂದ ಪುಟ್ಟ ಕಂಪ್ಯೂಟರುಗಳಲ್ಲಿ ಹಲವು, ಗ್ಯಾರಿ ಕಿಲ್ಡಾಲ್ ರೂಪಿಸಿದ ಸಿಪಿ/ಎಂ ವ್ಯವಸ್ಥೆಯಲ್ಲಿ ನಡೆಯುತ್ತಿದ್ದವು. ಅವುಗಳ ಸ್ಮರಣಶಕ್ತಿ ಸಾಮಾನ್ಯವಾಗಿ 64 ಕಿಲೋಬೈಟ್ ದಾಟುತ್ತಿರಲಿಲ್ಲ.

ಅಷ್ಟರಲ್ಲೇ ಕೆಲಸ ನಡೆಸಲು ಅನೇಕರು ಆರಿಸಿಕೊಂಡದ್ದು ವೇಯ್ನ್ ರ‍್ಯಾಟ್‌ಲಿಫ್ ಬರೆದ, ಆಷ್ಟನ್-ಟೇಟ್ ಕಂಪನಿ ಮಾರಿದ ಡಿಬೇಸ್ 2. ರಿಲೇಷನಲ್ ಎಂದೇ ಅದರ ಪ್ರಚಾರ. ಆದರೆ ಅದು ಒಮ್ಮೆಗೆ ತೆರೆಯುತ್ತಿದ್ದುದು ಎರಡೇ ಕಡತ. ಹಾಗಾದರೆ ಗ್ರಂಥಾಲಯದ ಮೂರನೆಯ ಕೋಷ್ಟಕದ ಗತಿ? ಒಂದನ್ನು ಮುಚ್ಚಿ ಇನ್ನೊಂದನ್ನು ತೆರೆಯುವ ಆದೇಶಗಳನ್ನು ಬಳಕೆದಾರರೇ ಬರೆಯಬೇಕು. ಆ ತಾಪತ್ರಯ ಬೇಡವೆಂದು ಪ್ರತಿ ಎರವಲಿನ ಜೊತೆಗೂ ವಿಳಾಸ ಬರೆದಿಟ್ಟರೆ, ಮುಂದೆ ಯಾವ ವಿಳಾಸ ಸರಿ ಎಂಬುದೇ ತಿಳಿಯದು!

1984ರಲ್ಲಿ ಡಾಸ್ ವ್ಯವಸ್ಥೆಗೆ ಬಂದ ಡಿಬೇಸ್ 3, ಹತ್ತು ಕಡತಗಳನ್ನು ಒಟ್ಟಿಗೆ ತೆರೆಯಬಲ್ಲದಾಗಿತ್ತು. ಮರುವರ್ಷ ಕಾಡ್, ಹೆಸರಿಗಷ್ಟೇ ರಿಲೇಷನಲ್ ಆದ ತಂತ್ರಾಂಶಗಳನ್ನು ಗುರುತಿಸಲು ನೆರವಾಗುವ ನಿಯಮಗಳನ್ನು ಪ್ರಕಟಿಸಿದರು.

ವಿದ್ಯಾರ್ಥಿಗಳಿಗೆ ಇಲ್ಲೊಂದು ಪಾಠವಿದೆ. ಮೊದಲು ಕಾಗದದ ಮೇಲೆ ಕೋಷ್ಟಕಗಳನ್ನು ಬರೆಯಿರಿ, ಅವುಗಳ ನಂಟನ್ನು ಗೆರೆ ಎಳೆದು ತೋರಿಸಿ. ತಂತ್ರಾಂಶದ ಆಯ್ಕೆ ಆಮೇಲೆ. ಡಬ್ಬಿಯ ಮೇಲಿನ ಹೆಸರಿಗಿಂತ ಆ ಗೆರೆಗಳೇ ಹೆಚ್ಚು ನಂಬಿಕೆಗೆ ಅರ್ಹ.