ಕಾತ್ರಜದ ಮೇಜಿನಿಂದ ಮಲ್ಪೆಯ ಬೋಟಿಗೆ: ಡ್ಯಾಶ್‌ಬೋರ್ಡ್ ನೀವೇ ಕಟ್ಟಿ



ಪುಣೆಯ ಕನ್ನಡಿಗರಲ್ಲಿ ಕರಾವಳಿಯವರಿಗೇನೂ ಕೊರತೆ ಇಲ್ಲ. ಕಾತ್ರಜದ ಆಸುಪಾಸಿನಲ್ಲಿ ನಿಮ್ಮ ಮನೆ ಇರಬಹುದು, ಹೋಟೆಲು, ಕಂಪೆನಿ, ಲಾರಿ ವ್ಯವಹಾರ ಎಂದು ಬದುಕು ಇಲ್ಲೇ ನೆಲೆ ನಿಂತಿರಬಹುದು. ಆದರೆ ಊರಲ್ಲಿ ಅಣ್ಣನದೋ ಭಾವನದೋ ಒಂದು ಬೋಟು ಇದ್ದರೆ, ಮಳೆಗಾಲ ಹತ್ತಿರ ಬಂದಂತೆ ಫೋನು ಬರುವುದು ಖಂಡಿತ: "ಪೇಟೆಯಲ್ಲಿದ್ದೀಯಲ್ಲ, ಒಳ್ಳೆಯ ಫಿಶ್ ಫೈಂಡರ್, ವೈರ್‌ಲೆಸ್ ನೋಡಿ ತಾ. ಬಂದವನು ನೀನೇ ಹಾಕಿಕೊಟ್ಟು ಹೋಗು."

ಸಮಯವೂ ಅದೇ ಸರಿ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ, ಮೀನುಗಾರಿಕೆ ನಿಷೇಧ. ಬೋಟು ದಡದಲ್ಲಿ ಖಾಲಿ ನಿಂತಿರುತ್ತದೆ. ತಾಂಡೇಲರ ಕೋಣೆಯ ಉಪಕರಣಗಳನ್ನು ಬದಲಿಸುವುದಕ್ಕೆ ಇದಕ್ಕಿಂತ ಒಳ್ಳೆಯ ಬಿಡುವು ಸಿಗುವುದಿಲ್ಲ. ಅರ್ಧಕ್ಕಿಂತ ಹೆಚ್ಚು ಕೆಲಸವನ್ನು ನೀವು ಕಾತ್ರಜದ ನಿಮ್ಮ ಮನೆಯ ಮೇಜಿನ ಮೇಲೆಯೇ ಮುಗಿಸಬಹುದು. ಹೇಗೆ ಎಂದು ನೋಡೋಣ ಬನ್ನಿ.

ಮೊದಲು ಒಂದು ಮಾತು

2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ 'ಸುವರ್ಣ ತ್ರಿಭುಜ' ಬೋಟನ್ನು ನೀವು ಮರೆತಿರಲಾರಿರಿ. ಎರಡೇ ದಿನದಲ್ಲಿ ಅದರ ಸಂಪರ್ಕ ಕಡಿದುಹೋಯಿತು. ಬೋಟಿನಲ್ಲಿದ್ದವರು ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ 7 ಮಂದಿ. ಅದರ ಅವಶೇಷ ಮಹಾರಾಷ್ಟ್ರದ ಮಾಲ್ವಣದ ಆಚೆ ಕಡಲ ತಳದಲ್ಲಿ ನೌಕಾಪಡೆಯ ಐಎನ್‌ಎಸ್ ನಿರೀಕ್ಷಕ್ ಹಡಗಿಗೆ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ನಾಲ್ಕು ತಿಂಗಳಿಗೂ ಮಿಕ್ಕಿ 7 ಮನೆಗಳವರು ಫೋನಿನ ಮುಂದೆ ಕುಳಿತಿದ್ದರು.

ಆ ಅವಘಡದ ಕಾರಣಗಳನ್ನು ಚರ್ಚಿಸುವುದು ಈ ಲೇಖನದ ಉದ್ದೇಶವಲ್ಲ. ಕಡಲಲ್ಲಿ 'ನಾವು ಎಲ್ಲಿದ್ದೇವೆ' ಎಂಬ ಒಂದೇ ಒಂದು ವಾಕ್ಯದ ಬೆಲೆ ಎಷ್ಟು ಎಂಬುದನ್ನು ಮಾತ್ರ ನೆನಪಿಡೋಣ. ಮೀನು ತೋರಿಸುವುದು ಡ್ಯಾಶ್‌ಬೋರ್ಡಿನ ದಿನನಿತ್ಯದ ಕೆಲಸ. ಕೆಟ್ಟ ದಿನ ಬಂದಾಗ ಆ ಒಂದು ವಾಕ್ಯವನ್ನು ದಡಕ್ಕೆ ಮುಟ್ಟಿಸುವುದು ಅದರ ನಿಜವಾದ ಕೆಲಸ. ಆದ್ದರಿಂದ ದೊಡ್ಡ ಪರದೆಗೆ ಹಣ ಹಾಕುವ ಮೊದಲು ವೈರಿಗೆ, ಫ್ಯೂಸಿಗೆ, ಆಂಟೆನಾಕ್ಕೆ ಹಣ ಎತ್ತಿಡಿ.

ಯಾವುದು ಏನು ಮಾಡುತ್ತದೆ?

ಸಾಮಾನ್ಯ ಬೋಟಿಗೆ ಬೇಕಾದದ್ದು ಮೂರು ಉಪಕರಣ. ಒಂದು, ಜಿಪಿಎಸ್ ಪ್ಲಾಟರ್. ಇದು ಉಪಗ್ರಹಗಳ ಸಂಕೇತ ಹಿಡಿದು ನಿಮ್ಮ ಅಕ್ಷಾಂಶ, ರೇಖಾಂಶ ತೋರಿಸುತ್ತದೆ. ಎರಡು, ಫಿಶ್ ಫೈಂಡರ್. ಬೋಟಿನ ತಳದಲ್ಲಿರುವ ಟ್ರಾನ್ಸ್‌ಡ್ಯೂಸರ್ ನೀರಿನೊಳಗೆ ಶಬ್ದ ಕಳಿಸಿ ಪ್ರತಿಧ್ವನಿ ಕೇಳುತ್ತದೆ. ನೀರಿನಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 1500 ಮೀಟರ್. 30 ಮೀಟರ್ ಆಳದ ತಳ ಮುಟ್ಟಿ ಮರಳಿ ಬರಲು ಸೆಕೆಂಡಿನ 25ನೇ ಒಂದು ಭಾಗ ಸಾಕು. 200 ಕಿಲೋಹರ್ಟ್ಸ್ ಶಬ್ದ ಆಳವಿಲ್ಲದ ನೀರಿನಲ್ಲಿ ಸ್ಪಷ್ಟ ಚಿತ್ರ ಕೊಡುತ್ತದೆ, 50 ಕಿಲೋಹರ್ಟ್ಸ್ ಹೆಚ್ಚು ಆಳಕ್ಕೆ ಇಳಿಯುತ್ತದೆ. ಎರಡೂ ಇರುವ ಸೆಟ್ ಕೊಳ್ಳುವುದು ಜಾಣತನ. ಮೂರು, ವಿಎಚ್‌ಎಫ್ ವೈರ್‌ಲೆಸ್. ಅದರ ಚಾನೆಲ್ 16 ಇಡೀ ಜಗತ್ತಿನಲ್ಲಿ ಅಪಾಯದ ಕರೆಗೆ ಮೀಸಲು.

ಇವುಗಳ ಜೊತೆಗೆ ಇಸ್ರೊ ತಂತ್ರಜ್ಞಾನದ ಟ್ರಾನ್ಸ್‌ಪಾಂಡರ್ ಇದೆ. ಮೀನುಗಾರಿಕೆ ಬೋಟುಗಳಿಗೆ ಇಂಥ 1 ಲಕ್ಷ ಸಾಧನ ಅಳವಡಿಸುವ ಯೋಜನೆಗೆ 2024ರ ಆಗಸ್ಟ್ 30ರಂದು ಪಾಲ್ಘರ್‌ನಲ್ಲಿ ಚಾಲನೆ ಸಿಕ್ಕಿತು. ಮೊಬೈಲು ಸಿಗದ ದೂರದಲ್ಲೂ ಉಪಗ್ರಹದ ಮೂಲಕ ಸಂದೇಶ ಹೋಗಿ ಬರುತ್ತದೆ. ನಿಮ್ಮ ಬೋಟಿಗೆ ಇದು ಬಂದಿದ್ದರೆ ಅದರ ವೈರಿಗೆ ಬೇರೇನನ್ನೂ ಜೋಡಿಸಬೇಡಿ. ಅದು ಅದರ ಪಾಡಿಗೆ ಇರಲಿ.

ಕಾರಿನ ಲೆಕ್ಕ ಬೋಟಿಗೆ ನಡೆಯದು

ಕಾರಿಗೆ ಸ್ಟೀರಿಯೋ ಹಾಕಿದ ಅನುಭವ ನಿಮಗಿರಬಹುದು. ಕಾರಿನಲ್ಲಿ ಪಾಸಿಟಿವ್ ವೈರು ಎಳೆದು ನೆಗೆಟಿವ್ ಅನ್ನು ಬಾಡಿಗೆ ಕೊಟ್ಟರೆ ಮುಗಿಯಿತು. ಬೋಟಿನಲ್ಲಿ ಹಾಗೆ ಮಾಡಲೇಬಾರದು. ಮರ ಮತ್ತು ಫೈಬರ್ ಬೋಟಿನಲ್ಲಿ ಬಾಡಿಯಲ್ಲಿ ಕರೆಂಟ್ ಹರಿಯುವುದೇ ಇಲ್ಲ. ಉಕ್ಕಿನ ಬೋಟಿನಲ್ಲಿ ಹರಿಯುತ್ತದೆ, ಆದರೆ ಉಪ್ಪು ನೀರಿನ ಸಂಗದಲ್ಲಿ ಅದೇ ಕರೆಂಟ್ ಹಲಗೆಯನ್ನು ತಿನ್ನುತ್ತದೆ. ಹಾಗಾಗಿ ಪ್ರತಿಯೊಂದು ಉಪಕರಣಕ್ಕೂ ಎರಡು ವೈರು, ಎರಡೂ ಬ್ಯಾಟರಿಯವರೆಗೆ.

ಇನ್ನು ವೈರಿನ ದಪ್ಪ. 25 ವ್ಯಾಟಿನ ವಿಎಚ್‌ಎಫ್ ಮಾತಾಡುವಾಗ 12 ವೋಲ್ಟಿನಲ್ಲಿ ಸುಮಾರು 6 ಆಂಪಿಯರ್ ಎಳೆಯುತ್ತದೆ. ಬ್ಯಾಟರಿ 5 ಮೀಟರ್ ದೂರ ಎಂದರೆ ಹೋಗಿ ಬರುವ ವೈರು 10 ಮೀಟರ್. 1.5 ಚದರ ಮಿಲಿಮೀಟರ್ ತಾಮ್ರದ ವೈರಿನಲ್ಲಿ ಸುಮಾರು 0.7 ವೋಲ್ಟ್ ದಾರಿಯಲ್ಲೇ ಕರಗಿಹೋಗುತ್ತದೆ. 4 ಚದರ ಮಿಲಿಮೀಟರ್ ವೈರಿನಲ್ಲಿ ಕರಗುವುದು ಕಾಲು ವೋಲ್ಟಿನಷ್ಟು ಮಾತ್ರ. ಇಂಜಿನ್ ನಿಂತು ಬ್ಯಾಟರಿ ಇಳಿಯುತ್ತಿರುವಾಗ ಈ ಅರ್ಧ ವೋಲ್ಟಿನ ವ್ಯತ್ಯಾಸವೇ ಸೆಟ್ ಮಾತಾಡುತ್ತದೋ ಸುಮ್ಮನಾಗುತ್ತದೋ ಎಂದು ತೀರ್ಮಾನಿಸುತ್ತದೆ. ಅಪಾಯದ ಕರೆ ಮಾಡುವುದು ಅಂಥ ಹೊತ್ತಿನಲ್ಲೇ ಅಲ್ಲವೇ?

ತವರ ಲೇಪಿಸಿದ, ಎಳೆಎಳೆಯಾದ ತಾಮ್ರದ ವೈರನ್ನೇ ಕೇಳಿ ಪಡೆಯಿರಿ. ಬರೀ ತಾಮ್ರಕ್ಕೆ ಉಪ್ಪಿನ ಗಾಳಿ ತಗುಲಿದರೆ ಹೊದಿಕೆಯೊಳಗೇ ಕಪ್ಪಾಗುತ್ತದೆ, ಹೊರಗಿನಿಂದ ಗೊತ್ತೇ ಆಗುವುದಿಲ್ಲ. ತುದಿಗಳಿಗೆ ಲಗ್ಗು ಹಾಕಿ ಸರಿಯಾದ ಇಕ್ಕಳದಿಂದ ಒತ್ತಿ, ಮೇಲೆ ಅಂಟಿರುವ ಶಾಖಕೊಳವೆ ಹಾಕಿ. ಬೆಸುಗೆಯನ್ನಷ್ಟೇ ನಂಬಿದರೆ ಇಂಜಿನ್ನಿನ ನಡುಕಕ್ಕೆ ವೈರು ಬೆಸುಗೆಯ ಅಂಚಿನಲ್ಲಿ ಮುರಿಯುತ್ತದೆ.

ಕಾತ್ರಜದ ಮೇಜಿನ ಮೇಲೆ

ಊರಿಗೆ ಫೋನು ಮಾಡಿ ಮೂರು ವಿಷಯ ಕೇಳಿ: ಡ್ಯಾಶ್‌ಬೋರ್ಡಿನ ಉದ್ದಗಲ ಎಷ್ಟು, ಬ್ಯಾಟರಿ ಎಷ್ಟು ದೂರ, ವೋಲ್ಟ್ 12 ಇದೆಯೋ 24 ಇದೆಯೋ. ಕೊನೆಯದು ಬಹಳ ಮುಖ್ಯ. 12 ವೋಲ್ಟಿನ ಸೆಟ್ಟಿಗೆ 24 ವೋಲ್ಟ್ ಕೊಟ್ಟರೆ ಅದು ಹೊಗೆಯಾಡೀತು.

ನಂತರ ಒಂದು ಭಾನುವಾರ ಬಿಡುವು ಮಾಡಿಕೊಳ್ಳಿ. ಫ್ಯೂಸ್ ಡಬ್ಬಿ, ನೆಗೆಟಿವ್ ಪಟ್ಟಿ, ಸ್ವಿಚ್ಚು, ಲಗ್ಗುಗಳೆಲ್ಲ ಬುಧವಾರ ಪೇಟೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಹುಡುಕಬಹುದು. ಅಳತೆಗೆ ಕತ್ತರಿಸಿದ ಅಕ್ರಿಲಿಕ್ ಹಲಗೆಯ ಮೇಲೆ ಎಲ್ಲವನ್ನೂ ಕೂರಿಸಿ. ಪ್ರತಿ ಉಪಕರಣಕ್ಕೂ ಪ್ರತ್ಯೇಕ ಫ್ಯೂಸ್ ಇರಲಿ, ಕೈಪಿಡಿಯಲ್ಲಿ ಹೇಳಿದಷ್ಟೇ ಆಂಪಿಯರಿನದು. ಫಿಶ್ ಫೈಂಡರಿನ ಫ್ಯೂಸ್ ಹಾರಿದರೆ ವೈರ್‌ಲೆಸ್ ಸಾಯಬಾರದು, ಅಷ್ಟೇ ಇದರ ಗುಟ್ಟು. ಪ್ರತಿ ವೈರಿನ ಎರಡೂ ತುದಿಗೆ ಕನ್ನಡದಲ್ಲೇ ಚೀಟಿ ಅಂಟಿಸಿ. ಮುಂದೆ ಅದನ್ನು ನಡುರಾತ್ರಿ ಟಾರ್ಚ್ ಹಿಡಿದು ಓದಬೇಕಾದವರು ತಾಂಡೇಲರು, ನೀವಲ್ಲ.

ಹಳೆಯ 12 ವೋಲ್ಟ್ ಬ್ಯಾಟರಿಯೊಂದಕ್ಕೆ ಜೋಡಿಸಿ ಎಲ್ಲವನ್ನೂ ಚಾಲೂ ಮಾಡಿ. ಫಿಶ್ ಫೈಂಡರನ್ನು ಡೆಮೊದಲ್ಲಿ ಓಡಿಸಿ ಕಲಿಯಿರಿ. ಆದರೆ ವಿಎಚ್‌ಎಫ್‌ನಲ್ಲಿ ಮಾತಾಡುವ ಗುಂಡಿಯನ್ನು ಇಲ್ಲಿ ಒತ್ತಬೇಡಿ. ಕಡಲ ಚಾನೆಲ್ಲುಗಳು ಕಡಲಿನವು, ಪೇಟೆಯ ತಾರಸಿಯವಲ್ಲ. ಆಂಟೆನಾ ಇಲ್ಲದೆ ಒತ್ತಿದರೆ ಸೆಟ್ಟೂ ಹಾಳಾಗುತ್ತದೆ.

ತಾರಸಿಯ ಮೇಲೊಂದು ಪಾಠ

ಪ್ಲಾಟರನ್ನು ತಾರಸಿಗೆ ಒಯ್ದು ನೋಡಿ. ಕಾತ್ರಜದ ಅಕ್ಷಾಂಶ ಸುಮಾರು 18.45 ಡಿಗ್ರಿ. ಕೆಲವು ಸೆಟ್ಟುಗಳು ಇದನ್ನೇ 18 ಡಿಗ್ರಿ 27 ನಿಮಿಷ ಎಂದು ತೋರಿಸುತ್ತವೆ. ಎರಡೂ ಸರಿ, ಏಕೆಂದರೆ ಒಂದು ಡಿಗ್ರಿಗೆ 60 ನಿಮಿಷ, 0.45ನ್ನು 60ರಿಂದ ಗುಣಿಸಿದರೆ 27.

ಈಗ ಯಾರಾದರೂ ಗಾಬರಿಯಲ್ಲಿ 18.45ನ್ನು 18 ಡಿಗ್ರಿ 45 ನಿಮಿಷ ಎಂದು ಓದಿದರು ಎನ್ನಿ. 18 ನಿಮಿಷದ ವ್ಯತ್ಯಾಸ. ಅಕ್ಷಾಂಶದ ಒಂದು ನಿಮಿಷವೆಂದರೆ ಒಂದು ನಾಟಿಕಲ್ ಮೈಲು, ಅಂದರೆ 1.852 ಕಿಲೋಮೀಟರ್. ಒಟ್ಟು 33 ಕಿಲೋಮೀಟರ್! ಕಾತ್ರಜದಲ್ಲಿ ನಿಂತವರನ್ನು ಚಾಕಣದ ಹತ್ತಿರ ಹುಡುಕಿದಂತೆ. ಕಡಲಲ್ಲಿ ಚೌಕವೂ ಇಲ್ಲ, ರಿಕ್ಷಾದವರೂ ಇಲ್ಲ, ಕೇಳುವುದು ಯಾರನ್ನು?

ಆದ್ದರಿಂದ ಬೋಟಿನ ಎಲ್ಲ ಸೆಟ್ಟುಗಳನ್ನೂ ಒಂದೇ ರೀತಿಗೆ, ಡಿಗ್ರಿ ಮತ್ತು ನಿಮಿಷಕ್ಕೆ ಹೊಂದಿಸಿ. 'ಡಿಗ್ರಿ', 'ನಿಮಿಷ' ಎಂದು ಬಾಯ್ಬಿಟ್ಟು ಹೇಳುವ ಅಭ್ಯಾಸ ಮಾಡಿಸಿ. ಒಂದು ಸುಳಿವು: ನಿಮಿಷ ಎಂದೂ 60 ಮುಟ್ಟುವುದಿಲ್ಲ. ಯಾರಾದರೂ '73 ಡಿಗ್ರಿ 86 ನಿಮಿಷ' ಎಂದರೆ ಅಲ್ಲೇ ತಡೆದು ಮತ್ತೆ ಓದಿಸಿ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಮೀನು ಸಿಗಬಹುದಾದ ಜಾಗಗಳ ಸೂಚನೆಯನ್ನು ಕನ್ನಡದಲ್ಲೂ ಕೊಡುತ್ತದೆ. ಅದನ್ನು ಬಳಸುವುದಕ್ಕೂ ಇದೇ ಲೆಕ್ಕ ಬೇಕು.

ಕೆಂಪು ಗುಂಡಿಗೆ ಜೀವ ಕೊಡಿ

ಈಗಿನ ವಿಎಚ್‌ಎಫ್ ಸೆಟ್ಟುಗಳಲ್ಲಿ ಮುಚ್ಚಳದ ಕೆಳಗೆ ಕೆಂಪು ಗುಂಡಿಯೊಂದಿರುತ್ತದೆ. ಅದನ್ನು ಕೆಲವು ಸೆಕೆಂಡು ಒತ್ತಿ ಹಿಡಿದರೆ ಚಾನೆಲ್ 70ರಲ್ಲಿ ಅಪಾಯದ ಸಂಕೇತ ತಾನಾಗಿ ಹೋಗುತ್ತದೆ. ಆದರೆ ಅದಕ್ಕೆ ಎರಡು ವಿಷಯ ಗೊತ್ತಿರಬೇಕು, ನೀವು ಯಾರು ಮತ್ತು ಎಲ್ಲಿದ್ದೀರಿ.

ಯಾರು ಎಂಬುದಕ್ಕೆ 9 ಅಂಕಿಯ ಎಂಎಂಎಸ್‌ಐ ಸಂಖ್ಯೆ. ಭಾರತದ ಬೋಟುಗಳದ್ದು 419ರಿಂದ ಶುರು. ವೈರ್‌ಲೆಸ್ಸಿನ ಪರವಾನಗಿ ಮತ್ತು ಈ ಸಂಖ್ಯೆಯ ಬಗ್ಗೆ ಊರಿನ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಮೊದಲೇ ವಿಚಾರಿಸಿ. ಹೆಚ್ಚಿನ ಸೆಟ್ಟುಗಳಲ್ಲಿ ಸಂಖ್ಯೆಯನ್ನು ಒಂದೆರಡು ಸಲ ಮಾತ್ರ ತುಂಬಬಹುದು, ಆಮೇಲೆ ಬೀಗ ಬೀಳುತ್ತದೆ. ಬೇರೆ ಬೋಟಿನ ಸಂಖ್ಯೆ ಉಳಿದಿರುವ ಹಳೆಯ ಸೆಟ್ ಅಗ್ಗಕ್ಕೆ ಸಿಕ್ಕರೂ ಬೇಡ. ನಿಮ್ಮ ಬೋಟು ಮುಳುಗುವಾಗ ಅದು ಬೇರೆಯವರ ಹೆಸರು ಕೂಗುತ್ತದೆ.

ಎಲ್ಲಿ ಎಂಬುದಕ್ಕೆ ಪ್ಲಾಟರಿನಿಂದ ವಿಎಚ್‌ಎಫ್‌ಗೆ ಎರಡು ತೆಳು ವೈರು. ಪ್ಲಾಟರಿನ 'ಔಟ್' ವೈರು ವಿಎಚ್‌ಎಫ್‌ನ 'ಇನ್' ವೈರಿಗೆ, ಅದರ ನೆಗೆಟಿವ್ ಇದರ ನೆಗೆಟಿವ್‌ಗೆ. ಎರಡರಲ್ಲೂ ವೇಗ 4800 ಇಡಿ. ವಿಎಚ್‌ಎಫ್‌ನ ಪರದೆಯಲ್ಲಿ ಅಕ್ಷಾಂಶ, ರೇಖಾಂಶ ಮೂಡಿದರೆ ಗೆದ್ದಿರಿ. ಇದನ್ನೂ ಕಾತ್ರಜದಲ್ಲೇ ಪರೀಕ್ಷಿಸಬಹುದು. ಜೋಡಿಸದೇ ಬಿಟ್ಟರೆ ಗುಂಡಿ 'ಕಾಪಾಡಿ' ಎನ್ನುತ್ತದೆ, 'ಇಲ್ಲಿದ್ದೇನೆ' ಎನ್ನುವುದಿಲ್ಲ.

ಊರಿಗೆ ಹೋದ ಮೇಲೆ

ಹಲಗೆ ಕೂರಿಸಿ, ಮುಖ್ಯ ಫ್ಯೂಸನ್ನು ಬ್ಯಾಟರಿಯಿಂದ ಒಂದು ಗೇಣಿನೊಳಗೆ ಇಡಿ. ಆಂಟೆನಾವನ್ನು ಆದಷ್ಟು ಎತ್ತರಕ್ಕೆ ಏರಿಸಿ. ವಿಎಚ್‌ಎಫ್ ಎಷ್ಟು ದೂರ ಹೋಗುತ್ತದೆ ಎಂಬುದು ವ್ಯಾಟಿಗಿಂತ ಎತ್ತರವನ್ನೇ ಅವಲಂಬಿಸಿದೆ. ಎರಡು ಬೋಟುಗಳ ಆಂಟೆನಾ 4 ಮೀಟರ್ ಎತ್ತರದಲ್ಲಿದ್ದರೆ ಸುಮಾರು 17 ಕಿಲೋಮೀಟರ್, 9 ಮೀಟರ್ ಆದರೆ 25 ಕಿಲೋಮೀಟರ್.

ಟ್ರಾನ್ಸ್‌ಡ್ಯೂಸರ್ ನೀರಿನ ಗುಳ್ಳೆ ಹಾಯದ ಜಾಗದಲ್ಲಿರಲಿ, ಅದರ ಕೇಬಲ್ಲನ್ನು ಕತ್ತರಿಸಬೇಡಿ. ಘನ ಫೈಬರ್ ತಳವಾದರೆ ಒಳಗಿನಿಂದಲೇ ಅಂಟಿಸಬಹುದು. ಮರ ಅಥವಾ ಉಕ್ಕಿನ ತಳಕ್ಕೆ ತೂತು ಕೊರೆಯಬೇಕು. ಆ ಕೆಲಸ ಬೋಟು ಕಟ್ಟುವವರಿಗೇ ಬಿಡಿ, ಅಲ್ಲಿ ನಿಮ್ಮ ಧೈರ್ಯ ಬೇಡ. ಹಾಡಿನ ಸ್ಪೀಕರನ್ನು ದಿಕ್ಸೂಚಿಯಿಂದ ದೂರ ಇಡಿ, ಅದರ ಅಯಸ್ಕಾಂತ ಉತ್ತರವನ್ನೇ ಬದಲಿಸುತ್ತದೆ. ಕೊನೆಗೆ ಎಲ್‌ಇಡಿ ದೀಪ, ಮೊಬೈಲ್ ಚಾರ್ಜರುಗಳನ್ನು ಒಂದೊಂದಾಗಿ ಹಾಕಿ ವಿಎಚ್‌ಎಫ್ ಕೇಳಿ. ಯಾವುದು ಹಾಕಿದಾಗ ಗೊರಗೊರ ಎನ್ನುತ್ತದೋ ಅದನ್ನು ಬದಲಿಸಿ.

ವಿಎಚ್‌ಎಫ್ ಪಕ್ಕದಲ್ಲಿ ಕನ್ನಡದಲ್ಲಿ ಬರೆದ ಒಂದು ಕಾರ್ಡು ಅಂಟಿಸಿ: ಚಾನೆಲ್ 16. 'ಮೇಡೇ' ಮೂರು ಸಲ. ಬೋಟಿನ ಹೆಸರು. ಡಿಗ್ರಿ, ನಿಮಿಷ. ಏನಾಗಿದೆ. ಎಷ್ಟು ಜನ. ಕೆಳಗೆ ಕರಾವಳಿ ಕಾವಲು ಪಡೆಯ ಸಂಖ್ಯೆ 1554, ಮೊಬೈಲು ಸಿಗುವ ದೂರದಲ್ಲಿದ್ದಾಗ. ಆಗಸ್ಟ್ 1ಕ್ಕೆ ಮೊದಲು ತಾಂಡೇಲರಿಗೆ ಮಾತ್ರವಲ್ಲ, ಬೋಟಿನ ಅತಿ ಕಿರಿಯ ಹುಡುಗನಿಗೂ ಅದನ್ನು ಎರಡು ಸಲ ಓದಿಸಿ. ಕರೆ ಮಾಡುವ ಪಾಳಿ ಅವನದೇ ಆಗಬಹುದು.

ಈ ಮಳೆಗಾಲದಲ್ಲಿ ಊರಿನ ಫೋನು ಬಂದರೆ 'ಪರದೆ ಎಷ್ಟು ದೊಡ್ಡದು ಬೇಕು' ಎಂದು ಕೇಳುವ ಮೊದಲು 'ಬ್ಯಾಟರಿ ಎಷ್ಟು ದೂರ' ಎಂದು ಕೇಳಿ. ಕೆಲಸ ಅಲ್ಲಿಂದಲೇ ಶುರು.