ಹಿಂದೆ ಸರಿಯದವರ ದುರಂತ

ಗ್ರೀಕ್ ದುರಂತ ನಾಟಕದ ನಾಯಕನ ಬಗ್ಗೆ ತರಗತಿಗಳಲ್ಲಿ ಬೇರೂರಿರುವ ಒಂದು ಮಾತಿದೆ: ದೊಡ್ಡ ಗುಣಗಳಿರುವ ಒಬ್ಬ ರಾಜ, ಅವನ ಸ್ವಭಾವದಲ್ಲೊಂದು ದೋಷ, ಆ ದೋಷದಿಂದಲೇ ಅವನ ಪತನ. ಈ ಮಾತಿಗೆ ಆಧಾರವಾಗಿ ತೋರಿಸುವುದು ಅರಿಸ್ಟಾಟಲ್‌ನ ‘ಪೊಯೆಟಿಕ್ಸ್’. ಅವನ ವಾದ ಸರಳ. ಸಜ್ಜನ ಹಾಳಾದರೆ ನೋಡುವವರ ಮನಸ್ಸು ಕದಡುತ್ತದೆ, ದುಷ್ಟ ಹಾಳಾದರೆ ಕನಿಕರ ಹುಟ್ಟದು. ಆದ್ದರಿಂದ ಇಬ್ಬರ ನಡುವಿನವನೊಬ್ಬ, ಹೆಸರು ಸಿರಿ ಎರಡೂ ಇದ್ದವನು, ಯಾವುದೋ ತಪ್ಪಿನಿಂದ ಬೀಳಬೇಕು. ಆದರೆ ಅರಿಸ್ಟಾಟಲ್ ಹುಟ್ಟಿದ್ದು ಕ್ರಿ.ಪೂ. 384ರಲ್ಲಿ, ಸೋಫೋಕ್ಲಿಸ್ ತೀರಿಕೊಂಡು ಆಗಲೇ ಇಪ್ಪತ್ತು ವರ್ಷ ಕಳೆದಿತ್ತು. ಸೂತ್ರವನ್ನು ಬದಿಗಿಟ್ಟು ಸೋಫೋಕ್ಲಿಸ್‌ನ ನಾಟಕಗಳನ್ನೇ ನೋಡಿದರೆ, ತಪ್ಪು ಮನುಷ್ಯನನ್ನು ಬೀಳಿಸಬಲ್ಲುದು, ನಾಯಕನನ್ನಾಗಿ ಮಾಡಲಾರದು ಎನ್ನಿಸುತ್ತದೆ. ಹಿಂದೆ ಸರಿಯುವ ದಾರಿ ತೆರೆದಿದ್ದರೂ ಸರಿಯದೆ, ಅದರ ಬೆಲೆಯನ್ನು ತಾನೇ ತೆರುವವನು ಅಲ್ಲಿ ನಾಯಕ.

‘ದೊರೆ ಈಡಿಪಸ್’ ನಾಟಕವನ್ನೇ ತೆಗೆದುಕೊಳ್ಳಿ. ತಂದೆಯನ್ನು ಕೊಂದದ್ದು, ತಾಯಿಯನ್ನು ಮದುವೆಯಾದದ್ದು ತೆರೆ ಏಳುವ ಎಷ್ಟೋ ವರ್ಷ ಮೊದಲೇ ಮುಗಿದಿವೆ. ನಮ್ಮ ಕಣ್ಣೆದುರು ಈಡಿಪಸ್ ಮಾಡುವುದು ಒಂದೇ ಕೆಲಸ, ವಿಚಾರಣೆ. ಥೀಬ್ಸ್‌ಗೆ ಬಡಿದ ಪಿಡುಗು ನಿಲ್ಲಬೇಕಾದರೆ ಹಿಂದಿನ ದೊರೆಯ ಕೊಲೆಗಾರ ಸಿಗಬೇಕು. ಕುರುಡ ಕಾಲಜ್ಞಾನಿ ಟೈರೀಸಿಯಸ್ ‘ನನ್ನನ್ನು ಮನೆಗೆ ಕಳಿಸಿಬಿಡು’ ಎನ್ನುತ್ತಾನೆ. ಸತ್ಯ ಹೊಳೆದ ಅವನ ರಾಣಿ ಯೊಕಾಸ್ಟಾ ಇನ್ನು ಕೆದಕಬೇಡವೆಂದು ಅಂಗಲಾಚುತ್ತಾಳೆ. ಅವನ ಹುಟ್ಟಿನ ಗುಟ್ಟು ಬಲ್ಲ ಮುದಿ ಕುರುಬನೂ ಬೇಡಿಕೊಳ್ಳುತ್ತಾನೆ. ಯಾರ ಮಾತಿಗೆ ಓಗೊಟ್ಟಿದ್ದರೂ ಸಿಂಹಾಸನ ಉಳಿಯುತ್ತಿತ್ತೇನೋ. ಅವನು ನಿಲ್ಲಿಸುವುದಿಲ್ಲ.

ಇಲ್ಲಿ ಎರಡು ಆಕ್ಷೇಪಗಳು ಬರುತ್ತವೆ. ಅವನ ಮುಂಗೋಪವೇ ದೋಷವಲ್ಲವೇ ಎಂಬುದು ಮೊದಲನೆಯದು. ಮೂರು ದಾರಿ ಕೂಡುವಲ್ಲಿ ಅವನು ಕೈಮಾಡಿದ್ದು ಸಿಟ್ಟಿನಿಂದಲೇ, ಸರಿ. ಆದರೆ ಎದುರಿಗಿದ್ದವನು ತಂದೆಯೆಂದು ತಿಳಿಯದೇ ಹೋದದ್ದಕ್ಕೆ ಸಿಟ್ಟು ಕಾರಣವಲ್ಲ. ಎಷ್ಟು ಶಾಂತನಾಗಿದ್ದರೂ ಆ ತಿಳಿವು ಅವನಿಗೆ ದಕ್ಕುತ್ತಿರಲಿಲ್ಲ. ಎಲ್ಲವೂ ವಿಧಿಲಿಖಿತವಾದರೆ ಅವನ ಹಿರಿಮೆ ಎಲ್ಲಿ ಎಂಬುದು ಎರಡನೆಯದು. ಅಪೊಲೊವಿನ ದೈವವಾಣಿ ಪಿತೃಹತ್ಯೆಯನ್ನೂ ತಾಯಿಯೊಡನೆ ಆಗುವ ಮದುವೆಯನ್ನೂ ಮುಂಚೆಯೇ ಹೇಳಿತ್ತು. ಆದರೆ ಅವನು ತನ್ನ ಬಾಯಿಂದಲೇ ಸತ್ಯ ಹೊರಡಿಸಬೇಕೆಂದು ಅದು ಹೇಳಿರಲಿಲ್ಲ. ಕಣ್ಣು ಕಿತ್ತುಕೊಂಡ ಮೇಲೆ ಈಡಿಪಸ್ ಸ್ವತಃ ಈ ಗೆರೆ ಎಳೆಯುತ್ತಾನೆ: ಕೇಡು ತಂದದ್ದು ಅಪೊಲೊ, ಕಣ್ಣಿಗೆ ಇರಿದ ಕೈ ತನ್ನದು.

ದೋಷದ ಸೂತ್ರ ಎಲ್ಲಿ ಸೋಲುತ್ತದೆ ಎಂಬುದನ್ನು ‘ಆಂಟಿಗೊನೆ’ ಇನ್ನೂ ಚೆನ್ನಾಗಿ ತೋರಿಸುತ್ತದೆ. ಅದರಲ್ಲಿ ತಪ್ಪು ಮಾಡುವವನು, ತಡವಾಗಿ ಅರಿಯುವವನು, ಮಗನನ್ನೂ ಹೆಂಡತಿಯನ್ನೂ ಕಳೆದುಕೊಳ್ಳುವವನು ದೊರೆ ಕ್ರಿಯಾನ್. ಸೂತ್ರಕ್ಕೆ ಒಗ್ಗುವವನು ಅವನೇ. ಆದರೂ ನಾಟಕಕ್ಕೆ ಹೆಸರಾದವಳು, ಮನಸ್ಸಿನಲ್ಲಿ ಉಳಿಯುವವಳು, ಅಣ್ಣನ ಹೆಣಕ್ಕೆ ಮಣ್ಣು ಹಾಕಿದ ಹುಡುಗಿ. ಅವಳು ತನ್ನ ಸಾವಿಗೆ ಅಳುತ್ತಾಳೆ, ಮಾಡಿದ್ದನ್ನು ಅಲ್ಲಗಳೆಯುವುದಿಲ್ಲ. ಆ ಹೆಣವನ್ನು ಯಾರೂ ಹೂಳಬಾರದೆಂಬ ತನ್ನ ಆಜ್ಞೆಯನ್ನು ಕ್ರಿಯಾನ್ ಬೆದರಿ ಹಿಂತೆಗೆದುಕೊಳ್ಳುತ್ತಾನೆ.

ಹಾಗಾದರೆ ಹಟಮಾರಿತನವೇ ಹಿರಿಮೆಯೇ? ನಾಟಕಗಳು ಹಾಗೆಂದು ಒಪ್ಪಿಕೊಳ್ಳುವುದಿಲ್ಲ. ಸೋಫೋಕ್ಲಿಸ್‌ನ ಹದಿನೈದು ಮಂದಿಯ ಮೇಳ ಮಿತಿ ಮೀರಬೇಡಿರೆಂದು ಹೇಳುತ್ತಲೇ ಇರುತ್ತದೆ; ಆ ವಿವೇಕ ಸುಳ್ಳಲ್ಲ. ಮತ ಹಾಕಿ, ಚೌಕಾಸಿ ಮಾಡಿ ಊರು ನಡೆಸುತ್ತಿದ್ದ ಅಥೆನ್ಸಿನ ಪ್ರಜೆಗಳು ಡಯೊನೈಸಸ್‌ನ ಹಬ್ಬದಲ್ಲಿ ಕುಳಿತು ನೋಡುತ್ತಿದ್ದದ್ದು, ಚೌಕಾಸಿಗೆ ಒಪ್ಪದ ಇಂಥ ಜನರನ್ನು. ಇವರೊಡನೆ ಬಾಳುವುದು ಕಷ್ಟ, ಇವರನ್ನು ಅಲ್ಲಗಳೆಯುವುದು ಅದಕ್ಕಿಂತ ಕಷ್ಟ. ಈ ಅಳತೆ ಎಲ್ಲರಿಗೂ ಹೊಂದುವುದಿಲ್ಲ ಎಂಬುದೂ ನಿಜ. ಯೂರಿಪಿಡಿಸ್‌ನ ನಾಟಕದ ಮೀಡಿಯಾ ತನ್ನ ಮಕ್ಕಳನ್ನು ಕೊಂದು ಸೂರ್ಯದೇವನ ರಥವೇರಿ ಪಾರಾಗುತ್ತಾಳೆ; ಬೆಲೆ ತೆತ್ತವರು ಮಕ್ಕಳು. ಕ್ರಿ.ಪೂ. 431ರಲ್ಲಿ ಅದೇ ಹಬ್ಬದ ನಾಟಕ ಸ್ಪರ್ಧೆಯಲ್ಲಿ ಆ ನಾಟಕಕ್ಕೆ ಸಿಕ್ಕದ್ದು ಕೊನೆಯ, ಅಂದರೆ ಮೂರನೆಯ ಸ್ಥಾನ.

ಕನ್ನಡದಲ್ಲಿ ಈ ಮರ್ಮವನ್ನು ಹಿಡಿದವರು ಬಿ.ಎಂ.ಶ್ರೀ. ಸೋಫೋಕ್ಲಿಸ್‌ನ ‘ಏಜಾಕ್ಸ್’ ಆಧರಿಸಿ ‘ಅಶ್ವತ್ಥಾಮನ್’ ಬರೆದಾಗ ಅವರು ಪುರಾಣದ ಚಿರಂಜೀವಿಯನ್ನು ರಂಗದ ಮೇಲೆ ಸಾಯಿಸಿದರು. ಪುರಾಣಕ್ಕೆ ಅಪಚಾರವೆಂದು ಕಂಡರೂ ನಾಟಕಕ್ಕೆ ಅದು ಅನಿವಾರ್ಯವಾಗಿತ್ತು: ಸಾವೇ ಇಲ್ಲದವನು ತನ್ನ ಮಾನಕ್ಕಾಗಿ ಪ್ರಾಣವನ್ನು ಪಣವೊಡ್ಡಲಾರ. ಪಣಕ್ಕಿಡಲು ಏನೂ ಇಲ್ಲದವನಲ್ಲಿ ಎಷ್ಟು ದೋಷಗಳಿದ್ದರೂ ಅವನು ದುರಂತ ನಾಯಕನಾಗಲಾರ.